ಸೆಮಿಸ್ಟರ್‌ನ ಕೊನೆಯ ತಿಂಗಳು: ಮೊದಲು ಹಾಜರಿ, ರೆಕಾರ್ಡ್, ಆಮೇಲೆ ಪುಸ್ತಕ

ಕ್ಲಾಸ್ ಮುಗಿಯಲು ಇನ್ನು ನಾಲ್ಕು ವಾರ ಇದೆ ಅನ್ನುವಾಗ ಓದಲು ಕೂರಬೇಕು ಅಂತ ಎಲ್ಲರಿಗೂ ಅನ್ನಿಸುತ್ತದೆ. ಒಳ್ಳೆಯದೇ. ಆದರೆ ಆ ನಾಲ್ಕು ವಾರವನ್ನು ಕಷ್ಟದ ಸಬ್ಜೆಕ್ಟ್‌ಗಿಂತ ಜಾಸ್ತಿ ತಿಂದುಹಾಕುವುದು ಸಣ್ಣಪುಟ್ಟ ಬಾಕಿ ಕೆಲಸಗಳು. ಸಹಿ ಆಗದ ಲ್ಯಾಬ್ ರೆಕಾರ್ಡ್, ಎರಡು ಪರ್ಸೆಂಟ್ ಕಡಿಮೆ ಬಿದ್ದ ಹಾಜರಿ, ಕೊಡದೆ ಉಳಿದ ಅಸೈನ್‌ಮೆಂಟ್, ಲೈಬ್ರರಿಗೆ ವಾಪಸ್ ಹೋಗದ ಪುಸ್ತಕ. ಸ್ಟಡಿ ಹಾಲಿಡೇಸ್‌ನಲ್ಲಿ ಮನೆಯಲ್ಲಿ ಕೂತು ಗಣಿತ ಬಿಡಿಸಬೇಕಾದ ಹುಡುಗಿ ಸ್ಟಾಫ್ ರೂಮ್ ಬಾಗಿಲಲ್ಲಿ ಒಂದು ಸಹಿಗಾಗಿ ಕಾಯುತ್ತಾ ನಿಂತಿರುವುದನ್ನು ಪ್ರತಿ ಸೆಮಿಸ್ಟರ್ ನೋಡುತ್ತೇನೆ. ಅದಕ್ಕೇ ನನ್ನ ಮಾತು ಇಷ್ಟು: ಮೊದಲ ವಾರ ಪುಸ್ತಕ ಪಕ್ಕಕ್ಕಿಟ್ಟು ಬಾಕಿ ತೀರಿಸಿ. ಉಳಿದ ಮೂರು ವಾರ ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ.

ಇದನ್ನು ಬಳ್ಳಾರಿಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ, ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) 2022ರ ಸ್ಕೀಮ್‌ನಲ್ಲಿರುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನಿಮ್ಮ ಯುಎಸ್ಎನ್ (ವಿಟಿಯು ಕೊಡುವ ವಿದ್ಯಾರ್ಥಿ ಸಂಖ್ಯೆ) 3ಬಿಆರ್ ಅಥವಾ 3ವಿಸಿ ಅಂತ ಶುರುವಾಗಿ, ನೀವು ಈ ಸ್ಕೀಮ್‌ನಲ್ಲೇ ಇದ್ದರೆ ಇಲ್ಲಿರುವ ಲೆಕ್ಕವೆಲ್ಲ ನಿಮ್ಮದೇ. ರಾಯಚೂರು, ಕೊಪ್ಪಳದ ವಿಟಿಯು ಕಾಲೇಜಿನವರಿಗೂ ಇದೇ ಲೆಕ್ಕ. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಕೆಳಗೆ ಬಿಎ, ಬಿಕಾಂ, ಬಿಎಸ್ಸಿ ಓದುವವರಿಗೆ ಅಂಕದ ನಿಯಮ ಬೇರೆ, ಪರೀಕ್ಷೆ ಅರ್ಜಿ ಹಾಕುವುದೂ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಆದರೆ ಓದುವ, ಬರೆಯುವ ಭಾಗ ಅವರಿಗೂ ಹೊಂದುತ್ತದೆ.

ಹೆಜ್ಜೆ 1: ಹಾಜರಿಯನ್ನು ಅಂದಾಜು ಮಾಡಬೇಡಿ, ಎಣಿಸಿ

ಪ್ರತಿ ಸಬ್ಜೆಕ್ಟ್‌ಗೂ 85% ಹಾಜರಿ ಬೇಕು. ಸರಿಯಾದ ಕಾರಣ ಇದ್ದು, ಪ್ರಿನ್ಸಿಪಾಲರು ಶಿಫಾರಸು ಮಾಡಿದರೆ 75%ವರೆಗೆ ವಿನಾಯಿತಿ ಸಿಗಬಹುದು. ಅದಕ್ಕಿಂತ ಕೆಳಗೆ ಹೋದರೆ ಆ ಸಬ್ಜೆಕ್ಟ್ ಪರೀಕ್ಷೆ ಕೈತಪ್ಪುತ್ತದೆ. ಎಲ್ಲಾ ಸಬ್ಜೆಕ್ಟ್ ಸೇರಿಸಿ ಸರಾಸರಿ ತೆಗೆದು ಸಮಾಧಾನ ಮಾಡಿಕೊಳ್ಳುವವರು ತುಂಬಾ ಜನ ಇದ್ದಾರೆ. ಸರಾಸರಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಒಂದೊಂದು ಸಬ್ಜೆಕ್ಟನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಒಂದು ಲೆಕ್ಕ ಹಾಕೋಣ. ಒಂದು ಸಬ್ಜೆಕ್ಟ್‌ಗೆ ಇಲ್ಲಿಯವರೆಗೆ 40 ಕ್ಲಾಸ್ ಆಗಿವೆ, ನೀವು 31ಕ್ಕೆ ಹೋಗಿದ್ದೀರಿ. ಅಂದರೆ 77.5%. ಇನ್ನು 10 ಕ್ಲಾಸ್ ಬಾಕಿ ಇವೆ. ಹತ್ತಕ್ಕೆ ಹತ್ತೂ ಹೋದರೆ 50ಕ್ಕೆ 41, ಅಂದರೆ 82%. ವಿನಾಯಿತಿ ಕೇಳಬೇಕಾಗುತ್ತದೆ, ಆದರೆ ದಾರಿ ಇದೆ. "ಕೊನೆ ಕ್ಲಾಸಲ್ಲಿ ಏನು ಮಾಡ್ತಾರೆ ಬಿಡು" ಅಂತ ನಾಲ್ಕು ಕ್ಲಾಸ್ ಬಿಟ್ಟರೆ 50ಕ್ಕೆ 37. ಅದು 74%. ನಾಲ್ಕೇ ನಾಲ್ಕು ಗಂಟೆಗೆ ಒಂದು ಸಬ್ಜೆಕ್ಟ್ ಹೋಯಿತು. ಈ ಲೆಕ್ಕವನ್ನು ಇವತ್ತೇ ಎಲ್ಲಾ ಸಬ್ಜೆಕ್ಟ್‌ಗೂ ಹಾಕಿ, ನೋಟ್‌ಬುಕ್‌ನ ಕೊನೆ ಹಾಳೆಯಲ್ಲಿ ಬರೆದಿಡಿ.

ಬಂದಿದ್ದೂ ಗೈರು ಅಂತ ಬಿದ್ದಿರುವುದು ಉಂಟು. ಹಾಗಿದ್ದರೆ ಜಗಳಕ್ಕೆ ಹೋದ ಹಾಗೆ ಹೋಗಬೇಡಿ. ತಾರೀಖು ಹಿಡಿದು ಹೋಗಿ. "ಮೇಡಂ, 12ನೇ ತಾರೀಖು ನಾನು ಕ್ಲಾಸಿನಲ್ಲಿದ್ದೆ, ಆ ದಿನದ ನೋಟ್ಸ್ ಇಲ್ಲಿದೆ, ಒಂದ್ಸಲ ನೋಡ್ತೀರಾ?" ಅಂತ ಕೇಳಿದರೆ ನೋಡದೆ ಕಳಿಸುವ ಶಿಕ್ಷಕರು ಕಡಿಮೆ. ಎನ್ಎಸ್ಎಸ್ ಕ್ಯಾಂಪ್‌ಗೋ ಕ್ರೀಡೆಗೋ ಹೋಗಿದ್ದರೆ ಓಡಿ (ಆನ್ ಡ್ಯೂಟಿ) ಲೆಟರ್ ಕೊಟ್ಟಿದ್ದೀರಾ, ಅದು ಪ್ರತಿ ಸಬ್ಜೆಕ್ಟ್ ಶಿಕ್ಷಕರಿಗೂ ತಲುಪಿದೆಯಾ ಅಂತ ವಿಚಾರಿಸಿ. ಜ್ವರ ಬಂದು ಮಲಗಿದ್ದವರು ವೈದ್ಯರ ಸರ್ಟಿಫಿಕೇಟನ್ನು ಸೆಮಿಸ್ಟರ್ ಕೊನೆಯ ದಿನದವರೆಗೆ ಇಟ್ಟುಕೊಳ್ಳಬೇಡಿ, ಈಗಲೇ ಮೆಂಟರ್ (ನಿಮ್ಮನ್ನು ನೋಡಿಕೊಳ್ಳುವ ಶಿಕ್ಷಕರು) ಕೈಗೆ ಕೊಡಿ.

ಹೆಜ್ಜೆ 2: ನಿಮಗೆ ಎಷ್ಟು ಅಂಕ ಬೇಕು ಅನ್ನುವುದು ಗೊತ್ತಿರಲಿ

ಇಂಟರ್ನಲ್ಸ್‌ಗೆ 50, ಪರೀಕ್ಷೆಗೆ 50. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಇಲ್ಲದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಪರೀಕ್ಷೆ 100 ಅಂಕಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಅಲ್ಲಿ 50ಕ್ಕೆ ಕನಿಷ್ಠ 18 ಬೇಕು. ಎರಡೂ ಸೇರಿ 40 ಆಗಬೇಕು.

ಈ ಮೂರು ನಿಯಮ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ನೋಡಿ. ಇಂಟರ್ನಲ್ಸ್‌ನಲ್ಲಿ 22 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪರೀಕ್ಷೆಯಲ್ಲಿ 18 ಬಂದರೂ ಪಾಸ್. ಬರೀ 20 ಇದ್ದರೆ ಪರೀಕ್ಷೆಯಲ್ಲಿ 20 ಬೇಕು, ಅಂದರೆ 100ಕ್ಕೆ 40. ಇಂಟರ್ನಲ್ಸ್‌ನಲ್ಲಿ ಬಿಟ್ಟ ಎರಡು ಅಂಕಕ್ಕೆ ಪರೀಕ್ಷೆಯಲ್ಲಿ ನಾಲ್ಕೈದು ಅಂಕ ಜಾಸ್ತಿ ದುಡಿಯಬೇಕು. ಬಾಕಿ ಇರುವ ಅಸೈನ್‌ಮೆಂಟ್ ಒಂದು ಸಂಜೆಯ ಕೆಲಸ. ಮೂರು ಗಂಟೆಯ ಪರೀಕ್ಷೆಯಲ್ಲಿ ಆ ಅಂಕ ಹುಡುಕುವುದಕ್ಕಿಂತ ಇದು ಎಷ್ಟೋ ಹಗುರ.

ಲ್ಯಾಬ್ ಜೊತೆಗೇ ಬರುವ ಸಬ್ಜೆಕ್ಟ್‌ಗಳಲ್ಲಿ, ಅಂದರೆ ಐಪಿಸಿಸಿಯಲ್ಲಿ, ಇನ್ನೊಂದು ಗಂಟು ಇದೆ. ಅಲ್ಲಿ ಇಂಟರ್ನಲ್ಸ್‌ನ 50 ಅಂಕ ಥಿಯರಿಗೆ 25, ಲ್ಯಾಬ್‌ಗೆ 25 ಅಂತ ಹಂಚಿಹೋಗುತ್ತದೆ. ಎರಡರಲ್ಲೂ ತಲಾ 10 ಬರಲೇಬೇಕು. ಥಿಯರಿಯಲ್ಲಿ 22 ತೆಗೆದು ಲ್ಯಾಬ್‌ನಲ್ಲಿ 8 ಬಂದರೆ ಒಟ್ಟು 30 ಅಂತ ಖುಷಿಪಡುವ ಹಾಗಿಲ್ಲ. ಲ್ಯಾಬ್‌ನ ಆ 25ರಲ್ಲಿ 15 ಅಂಕ ಪ್ರಯೋಗ ಮಾಡಿದ್ದಕ್ಕೆ ಮತ್ತು ರೆಕಾರ್ಡ್‌ಗೆ. ಉಳಿದ 10 ಲ್ಯಾಬ್ ಟೆಸ್ಟ್‌ಗೆ. ರೆಕಾರ್ಡ್‌ಗೆ ನಾನು ಇಷ್ಟೊಂದು ಒತ್ತು ಕೊಡುವುದು ಇದೇ ಕಾರಣಕ್ಕೆ.

ಹೆಜ್ಜೆ 3: ರೆಕಾರ್ಡ್ ಬುಕ್

ರೆಕಾರ್ಡ್ ತೆಗೆದು ಮೊದಲು ಇಂಡೆಕ್ಸ್ ಪುಟ ಬಿಡಿಸಿ. ಕ್ರಮಸಂಖ್ಯೆ, ತಾರೀಖು, ಪ್ರಯೋಗದ ಹೆಸರು, ಪುಟ, ಅಂಕ, ಸಹಿ. ಕಣ್ಣನ್ನು ನೇರ ಸಹಿಯ ಕಾಲಮ್‌ಗೆ ತನ್ನಿ. ಖಾಲಿ ಇರುವ ಮನೆಗಳಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆಮೇಲೆ ಆ ಪ್ರಯೋಗಗಳ ಪುಟಕ್ಕೆ ಹೋಗಿ ಏನು ಬಾಕಿ ಅಂತ ನೋಡಿ. ಕೆಲವಕ್ಕೆ ಗ್ರಾಫ್ ಶೀಟ್ ಅಂಟಿಸಿರುವುದಿಲ್ಲ. ಕೆಲವಕ್ಕೆ ರೀಡಿಂಗ್ ಇದೆ, ಲೆಕ್ಕ ಇಲ್ಲ. ಕೆಲವಕ್ಕೆ ಔಟ್‌ಪುಟ್ ಬರೆದಿಲ್ಲ. ಕೊನೆಯ ಸಾಲಿನ "ರಿಸಲ್ಟ್" ಖಾಲಿ ಬಿಟ್ಟಿರುವುದಂತೂ ತುಂಬಾ ಸಾಮಾನ್ಯ. ಇವೆಲ್ಲ ಐದು ಹತ್ತು ನಿಮಿಷದ ಕೆಲಸಗಳು. ಹೊಸದಾಗಿ ಬರೆಯಬೇಕಾದ ಪ್ರಯೋಗ ಸಾಮಾನ್ಯವಾಗಿ ಒಂದೋ ಎರಡೋ ಇರುತ್ತವೆ. ಪಟ್ಟಿ ಮಾಡಿ ನೋಡಿದ ಮೇಲೆ ಭಯ ಅರ್ಧಕ್ಕೆ ಇಳಿಯುತ್ತದೆ.

ಗೆಳೆಯರ ರೆಕಾರ್ಡ್ ನೋಡಿ ಬರೆಯುವುದು ಎಲ್ಲಾ ಕಡೆ ನಡೆಯುತ್ತದೆ. ಆದರೆ ಅವರ ರೀಡಿಂಗ್ ಎತ್ತಿ ಬರೆಯಬೇಡಿ. ನಿಮ್ಮ ಅಬ್ಸರ್ವೇಶನ್ ಪುಸ್ತಕದಲ್ಲಿ ನಿಮ್ಮದೇ ರೀಡಿಂಗ್ ಇರುತ್ತದಲ್ವಾ, ಅದನ್ನೇ ಹಾಕಿ. ವೈವಾದಲ್ಲಿ "ಈ ಬೆಲೆ ಹೇಗೆ ಬಂತು?" ಅಂತ ಕೇಳಿದಾಗ ನಿಮ್ಮ ಕೈಯಿಂದ ಆದ ಲೆಕ್ಕಕ್ಕೆ ಮಾತ್ರ ಉತ್ತರ ಬಾಯಿಗೆ ಬರುತ್ತದೆ.

ಸಹಿಗೆ ಹೋಗುವುದಕ್ಕೂ ಒಂದು ಹೊತ್ತು ಇದೆ. ಕೊನೆಯ ದಿನ ಮಧ್ಯಾಹ್ನ ಇಡೀ ಬ್ಯಾಚ್ ಒಟ್ಟಿಗೆ ಮುಗಿಬಿದ್ದಾಗ ಯಾರ ಪುಟವನ್ನೂ ಸರಿಯಾಗಿ ನೋಡಲು ಆಗುವುದಿಲ್ಲ, ಅಂಕವೂ ಹಾಗೇ ಬೀಳುತ್ತದೆ. ವಾರದ ಮೊದಲೇ, ಲ್ಯಾಬ್ ಅವಧಿ ಮುಗಿಯುವ ಹತ್ತು ನಿಮಿಷ ಮುಂಚೆ ಹೋಗಿ. ರೆಕಾರ್ಡ್‌ನ ಮುಂದಿನ ಸರ್ಟಿಫಿಕೇಟ್ ಪುಟದಲ್ಲಿ ಹೆಸರು, ಯುಎಸ್ಎನ್ ಬರೆದುಕೊಂಡೇ ಹೋಗಿ. ಅಲ್ಲಿ ಎಚ್ಒಡಿ (ವಿಭಾಗದ ಮುಖ್ಯಸ್ಥರು) ಸಹಿಯೂ ಬೇಕಾದರೆ ಅವರು ಯಾವ ದಿನ ಊರಲ್ಲಿರುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಹೆಜ್ಜೆ 4: ಉಳಿದ ಕಾಗದ ಪತ್ರ

ಇದಕ್ಕೆ ಒಂದು ದಿನ ಸಾಕು. ಪರೀಕ್ಷೆ ಶುಲ್ಕ ಕಟ್ಟಿದ ರಸೀದಿಯ ಫೋಟೋ ಮೊಬೈಲ್‌ನಲ್ಲಿರಲಿ. ಬ್ಯಾಕ್ ಸಬ್ಜೆಕ್ಟ್ (ಹಿಂದೆ ಫೇಲ್ ಆಗಿ ಉಳಿದದ್ದು) ಇದ್ದರೆ ಅದಕ್ಕೂ ಸೇರಿಸಿ ಅರ್ಜಿ ಹೋಗಿದೆಯಾ ನೋಡಿ. ಲೈಬ್ರರಿ, ಹಾಸ್ಟೆಲ್ ಬಾಕಿ ತೀರಿಸಿ. ಎಸ್ಎಸ್‌ಪಿ ಪೋರ್ಟಲ್‌ನಲ್ಲಿ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ನಿಂತಿದೆ ನೋಡಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದೆಯೋ, ಇ-ದೃಢೀಕರಣ ಬಾಕಿ ಉಳಿದೋ ಹಣ ನಿಂತುಹೋಗುವುದು ಜಾಸ್ತಿ. ಇದನ್ನು ಪರೀಕ್ಷೆ ಮಧ್ಯೆ ಸರಿಮಾಡಲು ಓಡಾಡುವುದು ಬೇಡ. ಡಿಗ್ರಿ ಮುಗಿಯುವಷ್ಟರಲ್ಲಿ 100 ಚಟುವಟಿಕೆ ಅಂಕ (ಪಾಠದ ಹೊರಗಿನ ಕೆಲಸಕ್ಕೆ ಸಿಗುವ ಅಂಕ) ಬೇಕು, ಡಿಪ್ಲೊಮಾದಿಂದ ನೇರ ಎರಡನೇ ವರ್ಷಕ್ಕೆ ಬಂದವರಿಗೆ 75. ಈ ಸೆಮಿಸ್ಟರ್ ಮಾಡಿದ ಕೆಲಸದ ಫೋಟೋ, ವರದಿ ಈಗಲೇ ಮೆಂಟರ್‌ಗೆ ಕೊಟ್ಟುಬಿಡಿ.

ಹೆಜ್ಜೆ 5: ಪ್ರಶ್ನೆಪತ್ರಿಕೆಯಿಂದ ಸಿಲಬಸ್‌ಗೆ ಬನ್ನಿ

ಈಗ ಓದು. ಸಿಲಬಸ್‌ನಲ್ಲಿ ಐದು ಮಾಡ್ಯೂಲ್ (ಭಾಗ), ಪೇಪರಿನಲ್ಲಿ ಹತ್ತು ಪ್ರಶ್ನೆ. ಪ್ರತಿ ಮಾಡ್ಯೂಲ್‌ನಿಂದ ಎರಡು ಪ್ರಶ್ನೆ ಬರುತ್ತವೆ, ಒಂದನ್ನು ಪೂರ್ತಿ ಬರೆಯಬೇಕು. ಒಂದೊಂದಕ್ಕೂ 20 ಅಂಕ. "ಪೂರ್ತಿ" ಅನ್ನುವುದನ್ನು ಗಮನಿಸಿ. ಒಂದನೇ ಪ್ರಶ್ನೆಯ "ಎ" ಬರೆದು, "ಬಿ" ಬರುವುದಿಲ್ಲ ಅಂತ ಎರಡನೇ ಪ್ರಶ್ನೆಯ "ಬಿ" ಬರೆಯುವ ಹಾಗಿಲ್ಲ. ಹಾಗಾಗಿ ಒಂದು ಮಾಡ್ಯೂಲ್‌ನಲ್ಲಿ ಎರಡೇ ಟಾಪಿಕ್ ಓದಿ ಹೋದರೆ ಅವೆರಡೂ ಬೇರೆಬೇರೆ ಪ್ರಶ್ನೆಯಲ್ಲಿ ಕೂತುಬಿಡಬಹುದು.

ವಿಟಿಯು ಕೊಟ್ಟಿರುವ ಮಾಡೆಲ್ ಪೇಪರ್ ಮತ್ತು ಅದೇ ಸ್ಕೀಮ್‌ನ ಹಿಂದಿನ ಪರೀಕ್ಷೆಗಳ ಪೇಪರ್ ಸಿಕ್ಕಷ್ಟು ತಂದಿಡಿ. ಹಳೆಯ ಸ್ಕೀಮ್‌ನ ಪೇಪರ್ ನೋಡಬೇಕಾದರೆ ಸಿಲಬಸ್ ಪಕ್ಕದಲ್ಲಿಟ್ಟುಕೊಂಡು ನೋಡಿ, ತೆಗೆದುಹಾಕಿದ ಟಾಪಿಕ್‌ಗಳಿಗೆ ಸುಮ್ನೆ ಸಮಯ ಹಾಳಾಗುತ್ತದೆ. ಐದು ಹಾಳೆ ತಗೊಳ್ಳಿ, ಒಂದೊಂದು ಮಾಡ್ಯೂಲ್‌ಗೆ ಒಂದೊಂದು. ಪ್ರತಿ ಪೇಪರಿನ ಪ್ರಶ್ನೆಗಳನ್ನು ಆಯಾ ಮಾಡ್ಯೂಲ್ ಹಾಳೆಗೆ ಇಳಿಸಿ. ಮತ್ತೆ ಬಂದ ಪ್ರಶ್ನೆಗೆ ಪಕ್ಕದಲ್ಲಿ ಗೀಟು ಹಾಕುತ್ತಾ ಹೋಗಿ. ಒಂದು ಸಬ್ಜೆಕ್ಟ್‌ಗೆ ಇದು ಒಂದೂವರೆ ಗಂಟೆ ಹಿಡಿಯಬಹುದು. ಝೆರಾಕ್ಸ್ ಅಂಗಡಿಯಲ್ಲಿ ಸಿಗುವ "ಇಂಪಾರ್ಟೆಂಟ್" ಪಟ್ಟಿಯೂ ಹೀಗೇ ಯಾರೋ ಮಾಡಿದ್ದು. ನೀವೇ ಕೂತು ಮಾಡಿದರೆ ಯಾವ ಪ್ರಶ್ನೆ ಯಾವುದರ ಜೊತೆ ಬರುತ್ತದೆ ಅನ್ನುವುದೂ ತಲೆಯಲ್ಲಿ ಉಳಿಯುತ್ತದೆ. ಕೊಂಡ ಪಟ್ಟಿಯಿಂದ ಅದು ಬರುವುದಿಲ್ಲ.

ಹಾಳೆ ತುಂಬಿದ ಮೇಲೆ ಐದು ಮಾಡ್ಯೂಲ್‌ಗಳನ್ನು ಮೂರು ಗುಂಪು ಮಾಡಿ. ಚೆನ್ನಾಗಿ ಬರುವ ಎರಡು, ಒಂದಿಷ್ಟು ಗೊತ್ತಿರುವ ಎರಡು, ಏನೂ ಗೊತ್ತಿಲ್ಲದ ಒಂದು. ನಡುವಿನ ಎರಡರಿಂದ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಬರುವುದನ್ನೇ ಮತ್ತೆ ಓದುವುದು ಮನಸ್ಸಿಗೆ ಹಿತ, ಆದರೆ ಅಂಕ ಏರುವುದಿಲ್ಲ. ಏನೂ ಗೊತ್ತಿಲ್ಲದ್ದರಿಂದ ಶುರು ಮಾಡಿದವರು ಮೂರನೇ ದಿನಕ್ಕೆ ಪುಸ್ತಕ ಮುಚ್ಚುತ್ತಾರೆ. ನಡುವಿನ ಎರಡು ಗಟ್ಟಿಯಾದರೆ ನಾಲ್ಕು ಮಾಡ್ಯೂಲ್, ಅಂದರೆ 80 ಅಂಕದ ಪೇಪರ್ ನಿಮ್ಮ ಅಳತೆಗೆ ಬರುತ್ತದೆ. ಐದನೆಯದರಲ್ಲಿ ಡೆಫಿನಿಷನ್, ಚಿತ್ರ, ಸೂತ್ರ ಇಷ್ಟಾದರೂ ಇರಲಿ. ಖಾಲಿ ಪುಟಕ್ಕೆ ಅಂಕ ಹಾಕಲು ಯಾರಿಂದಲೂ ಆಗುವುದಿಲ್ಲ. ಐಪಿಸಿಸಿ ಸಬ್ಜೆಕ್ಟ್‌ಗಳಲ್ಲಿ ಲ್ಯಾಬ್‌ಗೆ ಸೇರಿದ ಪ್ರಶ್ನೆಯೂ ಥಿಯರಿ ಪೇಪರಿನಲ್ಲಿ ಬರಬಹುದು. ಮುಗಿಸಿಟ್ಟ ರೆಕಾರ್ಡ್ ಅಲ್ಲಿಯೂ ಕೈಹಿಡಿಯುತ್ತದೆ.

ಗಣಿತದ ಪೇಪರ್‌ಗೆ ಮಾತ್ರ ಬೇರೆ ನಿಯಮ. ಅದನ್ನು ಓದಬೇಡಿ. ದಿನಾ ಎರಡು ಲೆಕ್ಕ, ಪುಸ್ತಕ ಮುಚ್ಚಿ, ಪೂರ್ತಿ ಕೊನೆಯವರೆಗೆ.

ಹೆಜ್ಜೆ 6: ಕನ್ನಡದಲ್ಲಿ ಅರ್ಥ ಮಾಡಿಕೊಂಡು ಇಂಗ್ಲಿಷ್‌ನಲ್ಲಿ ಬರೆಯುವುದು

ಸಿರುಗುಪ್ಪ, ಸಂಡೂರು, ಕಂಪ್ಲಿ, ಕುರುಗೋಡು ಕಡೆಯ ಹಳ್ಳಿಗಳಿಂದ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ನಮ್ಮ ಕ್ಲಾಸ್‌ಗಳಲ್ಲಿ ತುಂಬಾ ಜನ ಇದ್ದಾರೆ. ಇವರಿಗೆ ವಿಷಯ ಗೊತ್ತಿರುತ್ತದೆ, ಬರೆಯುವಾಗ ಕೈ ನಿಲ್ಲುತ್ತದೆ. ಹಾಗಾಗಿ ಟೆಕ್ಸ್ಟ್ ಪುಸ್ತಕದ ಪ್ಯಾರಾ ಪ್ಯಾರಾನೇ ಬಾಯಿಪಾಠ ಮಾಡುತ್ತಾರೆ. ಒಂದು ಪದ ಮರೆತರೆ ಇಡೀ ಉತ್ತರ ಕುಸಿಯುತ್ತದೆ. ಇದರಿಂದ ಹೊರಬರಲು ಒಂದು ವಿಧಾನ ಇದೆ, ಉದಾಹರಣೆಯಲ್ಲೇ ತೋರಿಸುತ್ತೇನೆ.

ಆಪರೇಟಿಂಗ್ ಸಿಸ್ಟಮ್ಸ್‌ನಲ್ಲಿ ಡೆಡ್‌ಲಾಕ್ ಅಂತ ಟಾಪಿಕ್. ಅದು ಆಗಲು ನಾಲ್ಕು ಷರತ್ತು: ಮ್ಯೂಚುವಲ್ ಎಕ್ಸ್‌ಕ್ಲೂಷನ್, ಹೋಲ್ಡ್ ಅಂಡ್ ವೇಟ್, ನೋ ಪ್ರೀಎಂಪ್ಷನ್, ಸರ್ಕ್ಯುಲರ್ ವೇಟ್. ಹೆಸರು ಕೇಳಿದರೆ ಗಾಬರಿ. ಈಗ ಲ್ಯಾಬ್ ನೆನಪಿಸಿಕೊಳ್ಳಿ. ಒಬ್ಬನ ಕೈಯಲ್ಲಿ ಇರುವ ಒಂದೇ ಕ್ಯಾಲ್ಕುಲೇಟರ್, ಇನ್ನೊಬ್ಬಳ ಕೈಯಲ್ಲಿ ಇರುವ ಒಂದೇ ಸ್ಕೇಲು. ಇಬ್ಬರಿಗೂ ಎರಡೂ ಬೇಕು. ಕ್ಯಾಲ್ಕುಲೇಟರನ್ನು ಒಂದು ಸಲಕ್ಕೆ ಒಬ್ಬರೇ ಬಳಸಬಹುದು, ಅದು ಮೊದಲನೆಯದು. ಅವನು ತನ್ನದನ್ನು ಹಿಡಿದುಕೊಂಡೇ ಸ್ಕೇಲಿಗೆ ಕಾಯುತ್ತಿದ್ದಾನೆ, ಅದು ಎರಡನೆಯದು. ಯಾರೂ ಇನ್ನೊಬ್ಬರ ಕೈಯಿಂದ ಕಿತ್ತುಕೊಳ್ಳುವ ಹಾಗಿಲ್ಲ, ಅದು ಮೂರನೆಯದು. ಅವನು ಅವಳಿಗಾಗಿ, ಅವಳು ಅವನಿಗಾಗಿ ಕಾಯುತ್ತಾ ಸುತ್ತು ಕೂಡಿಕೊಂಡಿತು, ಅದು ನಾಲ್ಕನೆಯದು. ಇಬ್ಬರ ಗ್ರಾಫೂ ಮುಗಿಯುವುದಿಲ್ಲ. ಡೆಡ್‌ಲಾಕ್ ಅಂದರೆ ಇಷ್ಟೇ.

ಇದು ತಲೆಗೆ ಹೋದ ಮೇಲೆ ಪ್ರತಿ ಷರತ್ತಿಗೂ ಇಂಗ್ಲಿಷ್‌ನಲ್ಲಿ ಒಂದೊಂದೇ ಸಣ್ಣ ವಾಕ್ಯ ನೀವೇ ಬರೆಯಿರಿ. ಎಂಟು ಹತ್ತು ಪದ ಸಾಕು. ತಾಂತ್ರಿಕ ಪದದ ಸ್ಪೆಲಿಂಗ್ ಮಾತ್ರ ಸರಿ ಇರಬೇಕು, ಅದನ್ನು ಬೇರೆ ಪಟ್ಟಿ ಮಾಡಿ ದಿನಾ ಐದು ಸಲ ಬರೆದು ಕೂರಿಸಿ. ಆಮೇಲೆ ಒಂದು ಚಿತ್ರ: ಎರಡು ಪ್ರೊಸೆಸ್, ಎರಡು ರಿಸೋರ್ಸ್, ನಡುವೆ ಬಾಣ. ಮೇಲೆ ಡೆಫಿನಿಷನ್, ಕೆಳಗೆ ನಾಲ್ಕು ಪಾಯಿಂಟ್, ಚಿತ್ರಕ್ಕೆ ಹೆಸರು. ಅಚ್ಚುಕಟ್ಟಾದ ಉತ್ತರ ಸಿದ್ಧ. ಎಂಜಿನಿಯರಿಂಗ್ ಪೇಪರಿನಲ್ಲಿ ಉದ್ದುದ್ದ ಇಂಗ್ಲಿಷ್ ಯಾರೂ ಕೇಳುವುದಿಲ್ಲ. ಸರಿಯಾದ ಪದ, ಸರಿಯಾದ ಚಿತ್ರ, ಸರಿಯಾದ ಯೂನಿಟ್ ಕೇಳುತ್ತಾರೆ. ಕನ್ನಡದಲ್ಲಿ ಯೋಚಿಸುವುದು ನಿಮ್ಮ ಬಲ, ಅದನ್ನು ಬಿಡಬೇಡಿ.

ಹೆಜ್ಜೆ 7: ಬಳ್ಳಾರಿ ಬಿಸಿಲಿಗೆ ಹೊಂದುವ ದಿನಚರಿ

ಸಮ ಸೆಮಿಸ್ಟರ್ ಓದು ಸಾಮಾನ್ಯವಾಗಿ ಬೇಸಿಗೆಗೇ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಮೇಲಿನ ಮಹಡಿಯ ರೂಮಿನಲ್ಲಿ ಮಧ್ಯಾಹ್ನ ಫ್ಯಾನ್ ಹಾಕಿದರೂ ಬಿಸಿ ಗಾಳಿಯೇ. ಆ ಹೊತ್ತಿನಲ್ಲಿ ಕೂತು ಓದಿದ್ದು ತಲೆಗೆ ಹೋಗುವುದಿಲ್ಲ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ, ಹೊತ್ತು ಬದಲಿಸಿ.

ಬೆಳಗ್ಗೆ ನಾಲ್ಕೂವರೆಗೆ ಎದ್ದು ಎಂಟರವರೆಗೆ ಕಷ್ಟದ ಓದು. ಗಾಳಿ ತಂಪಿರುತ್ತದೆ, ಗಲಾಟೆ ಇರುವುದಿಲ್ಲ, ಮೊಬೈಲ್‌ಗೆ ಮೆಸೇಜೂ ಬರುವುದಿಲ್ಲ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಊಟ, ನಿದ್ದೆ, ರೆಕಾರ್ಡ್, ಚಿತ್ರ ಬಿಡಿಸುವಂಥ ಕೈಕೆಲಸ. ಸಂಜೆ ಆರರಿಂದ ಒಂಬತ್ತೂವರೆ ತನಕ ಲೆಕ್ಕ, ಪ್ರಶ್ನೆಪತ್ರಿಕೆ. ಹತ್ತೂವರೆಗೆ ಮಲಗಿ. ರಾತ್ರಿ ಇಡೀ ಎದ್ದು ಓದುವ "ನೈಟ್ ಔಟ್" ನನಗೆ ಇಷ್ಟವಿಲ್ಲ. ಈ ಬಿಸಿಲಿನಲ್ಲಿ ನಿದ್ದೆಗೆಟ್ಟ ಮೈ ಮಾರನೇ ದಿನ ಏಳುವುದೇ ಇಲ್ಲ.

ರೂಮಿನಲ್ಲಿ ಆಗದಿದ್ದರೆ ಕಾಲೇಜು ಲೈಬ್ರರಿ ಇದೆ, ಊರಿನ ಸಾರ್ವಜನಿಕ ಗ್ರಂಥಾಲಯದ ಓದುವ ಕೊಠಡಿ ಇದೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಅಣ್ಣ ಅಕ್ಕಂದಿರ ಪಕ್ಕ ಕೂತರೆ ನಮಗೂ ಎದ್ದು ಹೋಗಲು ಮನಸ್ಸಾಗುವುದಿಲ್ಲ. ಕೊಪ್ಪಳದವರಿಗೆ ಗವಿಮಠದ ಆವರಣ ಇದ್ದೇ ಇದೆ. ಅವರು ಬೆಸ ಸೆಮಿಸ್ಟರ್‌ನಲ್ಲಿ ಇನ್ನೊಂದನ್ನು ಯೋಚಿಸಬೇಕು: ಜನವರಿ ಹೊತ್ತಿಗೆ ಗವಿಸಿದ್ದೇಶ್ವರ ಜಾತ್ರೆ. ಮನೆತುಂಬ ನೆಂಟರು ಬರುತ್ತಾರೆ. ಜಾತ್ರೆಗೆ ಹೋಗಬೇಡಿ ಅಂತ ನಾನು ಹೇಳಲಾರೆ. ತೇರಿನ ದಿನವನ್ನು ಮೊದಲೇ ರಜೆ ಅಂತ ವೇಳಾಪಟ್ಟಿಯಲ್ಲಿ ಬರೆದಿಟ್ಟು, ಅದರ ಹಿಂದಿನ ಎರಡು ದಿನ ಬೇರೆ ಕಡೆ ಕೂತು ಓದಿ.

ಊಟದ ಬಗ್ಗೆ: ಖಾನಾವಳಿಯ ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯ, ಮೇಲೆ ಮಜ್ಜಿಗೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಊಟ ಇಲ್ಲ. ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ನಮ್ಮ ಕಡೆಯವರ ಪ್ರಾಣ, ಗೊತ್ತು. ಪರೀಕ್ಷೆಯ ಹಿಂದಿನ ಸಂಜೆ ಮಾತ್ರ ಒಗ್ಗರಣೆ ತಿನ್ನಿ, ಮಿರ್ಚಿ ಬಿಡಿ. ನೀರಿನ ಬಾಟಲ್ ಯಾವಾಗಲೂ ಪಕ್ಕದಲ್ಲಿರಲಿ. ತಲೆ ಸುತ್ತಿದರೆ ಒಆರ್‌ಎಸ್ ಕುಡಿದು ಮಲಗಿ. ಕಡಿಮೆಯಾಗದಿದ್ದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ.

ಒಟ್ಟಿಗೆ ಓದುವುದಾದರೆ ಮೂರು ಜನ ಸಾಕು. ಮೊದಲು ಒಬ್ಬೊಬ್ಬರೇ ಓದಿ, ಆಮೇಲೆ ಸೇರಿ. ಒಬ್ಬರು ಹೇಳಿಕೊಡಬೇಕು, ಇಬ್ಬರು ಪ್ರಶ್ನೆ ಕೇಳಬೇಕು.

ಓದಲು ಕೂತರೆ ಎದೆ ಡವಡವ ಅನ್ನುವುದು, ದಿನಗಟ್ಟಲೆ ನಿದ್ದೆ ಬಾರದಿರುವುದು, ಬದುಕೇ ಬೇಡ ಅನ್ನಿಸುವುದು, ಇವು ಬಂದರೆ ಒಬ್ಬರೇ ನುಂಗಿಕೊಂಡು ಕೂರಬೇಡಿ. ಮನೆಯವರಿಗೋ, ನಿಮಗೆ ಹತ್ತಿರದ ಶಿಕ್ಷಕರಿಗೋ ಹೇಳಿ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416, ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಯಾವ ಸಬ್ಜೆಕ್ಟೂ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ.

ಹೆಜ್ಜೆ 8: ಪ್ರಾಕ್ಟಿಕಲ್ ಪರೀಕ್ಷೆ

ಸಾಮಾನ್ಯವಾಗಿ ಥಿಯರಿಗಿಂತ ಮೊದಲು ಇದು ಬರುತ್ತದೆ. ಬೇರೆಯಾಗಿ ನಡೆಯುವ ಲ್ಯಾಬ್‌ಗಳಲ್ಲಿ ಅಂಕ ಹಂಚುವ ಕ್ರಮ ಹೀಗೆ: ಬರಹಕ್ಕೆ 20%, ಪ್ರಯೋಗ ಮಾಡಿ ಫಲಿತಾಂಶ ತೋರಿಸಿದ್ದಕ್ಕೆ 60%, ವೈವಾಕ್ಕೆ 20%. ಚೀಟಿಯಲ್ಲಿ ಬಂದ ಪ್ರಯೋಗ ಬರದಿದ್ದರೆ ಒಂದೇ ಒಂದು ಸಲ ಬದಲಿಸಿಕೊಳ್ಳಬಹುದು. ಆಗ ಪ್ರೊಸೀಜರ್‌ಗೆ ಇಟ್ಟ ಅಂಕ ಹೋಗುತ್ತದೆ. ಸ್ವಲ್ಪವಾದರೂ ಗೊತ್ತಿದ್ದರೆ ಬದಲಿಸಬೇಡಿ. ಏನೂ ಗೊತ್ತಿಲ್ಲ ಅಂದರೆ ಅರ್ಧ ಗಂಟೆ ಒದ್ದಾಡಿದ ಮೇಲೆ ಕೇಳುವುದಕ್ಕಿಂತ ಮೊದಲ ಐದು ನಿಮಿಷದಲ್ಲೇ ಕೇಳಿ. ಉಳಿದ ಹೊತ್ತಾದರೂ ಕೈಯಲ್ಲಿರುತ್ತದೆ.

ವೈವಾದಲ್ಲಿ ಹೊರಗಿನ ಪರೀಕ್ಷಕರು ಮೊದಲು ಕೇಳುವುದು ನೀವು ಈಗಷ್ಟೇ ಮಾಡಿದ ಪ್ರಯೋಗದ ಬಗ್ಗೆಯೇ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ ಸರ್" ಅನ್ನಿ, ಅವರು ಬೇರೆ ಪ್ರಶ್ನೆಗೆ ಹೋಗುತ್ತಾರೆ.

ಹೆಜ್ಜೆ 9: ಪರೀಕ್ಷೆಯ ದಿನ

ಹಾಲ್ ಟಿಕೆಟ್, ಕಾಲೇಜು ಐಡಿ, ಎರಡು ಪೆನ್, ಪೆನ್ಸಿಲ್, ಸ್ಕೇಲು, ಕ್ಯಾಲ್ಕುಲೇಟರ್, ನೀರು. ರಾತ್ರಿಯೇ ಜೋಡಿಸಿಡಿ. ಹಾಲ್ ಟಿಕೆಟ್‌ನಲ್ಲಿ ಪೇಪರ್ ಬೆಳಗ್ಗೆಯದೋ ಮಧ್ಯಾಹ್ನದ್ದೋ ಅಂತ ಇನ್ನೊಮ್ಮೆ ನೋಡಿ.

ಊರಿಂದ ಓಡಾಡುವವರು ಪರೀಕ್ಷೆ ದಿನ ಮಾಮೂಲಿ ಬಸ್ಸನ್ನು ನಂಬಬೇಡಿ, ಅದಕ್ಕಿಂತ ಒಂದು ಮುಂಚಿನದನ್ನು ಹಿಡಿಯಿರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಓಡಾಟದ ಖರ್ಚು ಉಳಿದಿದೆ, ದೊಡ್ಡ ಅನುಕೂಲ. ಬೆಳಗಿನ ಬಸ್ಸುಗಳು ತುಂಬಿಯೂ ಬರುತ್ತವೆ, ಹತ್ತಲು ಆಗದೆ ಉಳಿಯಬಾರದು. ಹೊಸಪೇಟೆ, ತೋರಣಗಲ್ಲು ಕಡೆಯಿಂದ ರೈಲಿಗೆ ಬರುವವರು, ಊರೊಳಗೆ ರೈಲ್ವೆ ಗೇಟ್ ದಾಟಿ ಬರುವವರು ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ. ಸಾಧ್ಯವಾದರೆ ಮೊದಲ ಪೇಪರಿನ ಹಿಂದಿನ ರಾತ್ರಿ ಬಳ್ಳಾರಿಯಲ್ಲೇ ಗೆಳೆಯರ ರೂಮಿನಲ್ಲಿ ಉಳಿಯಿರಿ.

ಮೂರು ಗಂಟೆ ಅಂದರೆ 180 ನಿಮಿಷ. ಐದು ಪ್ರಶ್ನೆಗೆ ತಲಾ 33 ನಿಮಿಷ ಕೊಟ್ಟರೆ 165 ಆಗುತ್ತದೆ, 15 ಉಳಿಯುತ್ತದೆ. ಆ 15ರಲ್ಲಿ ಮೊದಲ ಐದು ನಿಮಿಷ ಪೇಪರ್ ಪೂರ್ತಿ ಓದಿ, ಪ್ರತಿ ಮಾಡ್ಯೂಲ್‌ನಲ್ಲಿ ಯಾವ ಪ್ರಶ್ನೆ ಅಂತ ಗುರುತು ಹಾಕಿಕೊಳ್ಳಲು. ಕೊನೆಯ ಹತ್ತು ಪ್ರಶ್ನೆ ಸಂಖ್ಯೆ, ಯೂನಿಟ್, ಚಿತ್ರದ ಹೆಸರು ನೋಡಲು. 33 ನಿಮಿಷ ಮುಗಿದರೆ ಉತ್ತರ ಮುಗಿಯದಿದ್ದರೂ ಅರ್ಧ ಪುಟ ಖಾಲಿ ಬಿಟ್ಟು ಮುಂದೆ ಹೋಗಿ.

ವಿಟಿಯು ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಶಿಕ್ಷಕರು ಕಂಪ್ಯೂಟರ್ ಪರದೆಯ ಮೇಲೆ ನೋಡಿ ಅಂಕ ಹಾಕುತ್ತಾರೆ. ಹಾಗಾಗಿ ತಿಳಿ ಬಣ್ಣದ ಇಂಕು ಬೇಡ, ಅಂಚಿಗೆ ತಾಗಿಸಿ ಬರೆಯುವುದು ಬೇಡ, ಪೆನ್ಸಿಲ್ ಚಿತ್ರದ ಗೆರೆ ಸ್ವಲ್ಪ ಒತ್ತಿ ಎಳೆಯಿರಿ. ಪ್ರಶ್ನೆ ಸಂಖ್ಯೆ ದೊಡ್ಡದಾಗಿ, ಎಡಗಡೆ, ಪ್ರತಿ ಸಲವೂ. ಹೊಸ ಮಾಡ್ಯೂಲ್ ಹೊಸ ಪುಟದಿಂದ.

ಪೇಪರ್ ಮುಗಿದ ಮೇಲೆ ಗೇಟ್ ಹತ್ತಿರ ನಿಂತು ಉತ್ತರ ಹೋಲಿಸಬೇಡಿ. ಮನೆಗೆ ಹೋಗಿ, ಊಟ ಮಾಡಿ, ಎರಡು ಗಂಟೆ ಮಲಗಿ. ಸಂಜೆ ಮುಂದಿನ ಸಬ್ಜೆಕ್ಟ್‌ನ ಐದು ಹಾಳೆ ತೆಗೆಯಿರಿ.

ರಿಸಲ್ಟ್ ಬಂದ ಮೇಲೆ

ಅಂಕ ನಿರೀಕ್ಷೆಗಿಂತ ತೀರಾ ಕಡಿಮೆ ಬಂದಿದ್ದರೆ ನೇರ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟುವ ಮೊದಲು ಉತ್ತರಪತ್ರಿಕೆಯ ಫೋಟೋಕಾಪಿಗೆ ಅರ್ಜಿ ಹಾಕಿ. ಅದು ಬಂದ ತಕ್ಷಣ ಸಬ್ಜೆಕ್ಟ್ ಶಿಕ್ಷಕರ ಜೊತೆ ಕೂತು ಪುಟ ಪುಟ ನೋಡಿ. ಬರೆದ ಉತ್ತರಕ್ಕೆ ಅಂಕ ಬಿದ್ದಿಲ್ಲವಾ, ಕೂಡಿಸಿದ್ದು ಸರಿಯಿದೆಯಾ, ಯಾವುದಾದರೂ ಪುಟ ನೋಡದೆ ಬಿಟ್ಟಿದ್ದಾರಾ ಅಂತ ಪಟ್ಟಿ ಮಾಡಿ. ಶಿಕ್ಷಕರು "ಇಲ್ಲಿ ಅಂಕ ಏರುತ್ತೆ" ಅಂದರೆ ಮಾತ್ರ ಮುಂದೆ ಹೋಗಿ. ಕೊನೆಯ ದಿನಾಂಕ ಬೇಗ ಬರುತ್ತದೆ, ಅರ್ಜಿ ಹೋಗುವುದು ಕಾಲೇಜಿನ ಮೂಲಕವಾದರೆ ಕಾಲೇಜಿನವರು ಇನ್ನೂ ಮುಂಚಿನ ದಿನ ಇಟ್ಟಿರುತ್ತಾರೆ. ರಿಸಲ್ಟ್ ಬಂದ ಮಾರನೇ ದಿನವೇ ಪರೀಕ್ಷಾ ವಿಭಾಗದ ನೋಟಿಸ್ ಬೋರ್ಡ್ ನೋಡಿ, ದಿನಾಂಕ ಬರೆದುಕೊಂಡು ಬನ್ನಿ.